ಬ್ಲೇಡ್ ತರಿಸುವ ಮೊದಲು ಕ್ಯಾಲಿಪರ್ ಕೈಗೆತ್ತಿಕೊಳ್ಳಿ

ಓದುಗರ ಪ್ರಶ್ನೆ: ನನ್ನ ಹತ್ತಿರ 6 ಇಂಚಿನ ಜಾಯಿಂಟರ್ (ಹಲಗೆಯ ಮುಖ, ಅಂಚು ನೇರ ಮಾಡುವ ಮೆಷಿನ್) ಇದೆ, ಮೂರು ಬ್ಲೇಡಿನದು. ಜೊತೆಗೆ 13 ಇಂಚಿನ ಪ್ಲೇನರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಕೀಸುವ ಮೆಷಿನ್), ಅದರ ಬ್ಲೇಡಿಗೆ ಎರಡೂ ಕಡೆ ಅಲಗು. ಹೆಚ್ಚಾಗಿ ತೇಗ, ಹಳೆಯ ಬಾಗಿಲು ಕಿಟಕಿ ಬಿಚ್ಚಿದ ಮರ, ಆಗಾಗ ಸ್ವಲ್ಪ ಪೈನ್ ಕೀಸುತ್ತೇನೆ. ಈಗ ಮೂರು ತೊಂದರೆ. ಜಾಯಿಂಟರಿನಿಂದ ಬಂದ ಹಲಗೆಯ ಮೇಲೆ ಉದ್ದಕ್ಕೂ ಎರಡು ಉಬ್ಬು ಗೆರೆ. ಪ್ಲೇನರಿನಲ್ಲಿ ಅಲ್ಲಲ್ಲಿ ಎಳೆ ಕಿತ್ತು ಬರುತ್ತಿದೆ. ಹಲಗೆಯ ಕೊನೆಯ ಎರಡು ಇಂಚಿನಲ್ಲಿ ತಗ್ಗು ಬೇರೆ. ಎರಡೂ ಮೆಷಿನ್ನಿಗೆ ಹೊಸ ಬ್ಲೇಡ್ ಹಾಕೋಣ ಅಂತ ಹೊರಟರೆ ತಲೆ ಕೆಡುತ್ತಿದೆ. ಎಚ್ಎಸ್ಎಸ್ ಉಕ್ಕು ಸಾಕೇ, ಅದಕ್ಕಿಂತ ಗಟ್ಟಿಯಾದ ಕಾರ್ಬೈಡ್ ಬೇಕೇ? ಚಿನ್ನದ ಬಣ್ಣದ ಲೇಪ ಇರುವುದು ಒಳ್ಳೆಯದೇ? ಅಥವಾ ಉದ್ದ ಬ್ಲೇಡಿನ ಬದಲು ಸಣ್ಣ ಬಿಲ್ಲೆಗಳಿರುವ ಸ್ಪೈರಲ್ ಹೆಡ್ಡನ್ನೇ ಹಾಕಿಸಿಬಿಡಲೇ? ಹೋದ ಸಲ ಜಾಯಿಂಟರಿಗೆ ಹೊಸ ಸೆಟ್ ಹಾಕಿದಾಗ ಕೆಲಸ ಮೊದಲಿಗಿಂತ ಒರಟಾಗಿ ಬಂತು. ಅದಕ್ಕೇ ಭಯ.

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಹೊಸ ಬ್ಲೇಡ್ ಹಾಕಿ ಕೆಲಸ ಕೆಟ್ಟಿತು ಅಂದವರನ್ನು ಬಹಳ ಜನ ನೋಡಿದ್ದೇನೆ. ಸಾಣೆ ಹಿಡಿಯುವುದೇ ನನ್ನ ಕಸುಬಾದ್ದರಿಂದ ಬ್ಲೇಡನ್ನು ಬೈಯುತ್ತಲೇ ಒಳಗೆ ಬರುವವರು ಜಾಸ್ತಿ. ನೀವು ಮೂರು ತೊಂದರೆ ಹೇಳಿ ಮೂರನ್ನೂ ಬ್ಲೇಡಿನ ತಲೆಗೆ ಕಟ್ಟಿದ್ದೀರಿ. ಮೊದಲು ಅವನ್ನು ಬಿಡಿಸಿ ನೋಡೋಣ. ಒಂದು ತೊಂದರೆ ಬ್ಲೇಡಿನದೇ, ಆದರೆ ಖರ್ಚಿಲ್ಲದೆ ಹೋಗುತ್ತದೆ. ಇನ್ನೊಂದರಲ್ಲಿ ಬ್ಲೇಡಿನ ಪಾಲು ಅರ್ಧ. ಮೂರನೆಯದಕ್ಕೂ ಬ್ಲೇಡಿಗೂ ಸಂಬಂಧವೇ ಇಲ್ಲ.

ಸಂಬಂಧವೇ ಇಲ್ಲದ್ದು ಆ ಕೊನೆಯ ತಗ್ಗು. ಹಲಗೆ ಪ್ಲೇನರಿನ ಎರಡೂ ರೋಲರುಗಳ ಹಿಡಿತದಲ್ಲಿ ಇರುವವರೆಗೆ ಅಲುಗದೆ ಸಾಗುತ್ತದೆ. ಬಾಲ ಮೊದಲ ರೋಲರಿನಿಂದ ಬಿಡಿಸಿಕೊಂಡ ಕೂಡಲೇ ಒಂದೇ ರೋಲರು ಹಿಡಿದಿರುತ್ತದೆ. ಹೊರಗೆ ಚಾಚಿದ ಭಾಗ ಭಾರಕ್ಕೆ ಕೆಳಗೆ ಬಾಗಿದರೆ ಬಾಲ ಮೇಲೆದ್ದು ಬ್ಲೇಡಿಗೆ ಹೆಚ್ಚು ಸಿಗುತ್ತದೆ. ಹಲಗೆ ಹೊರಬರುವ ಕಡೆ ಕೈಯಿಂದ ಸ್ವಲ್ಪ ಎತ್ತಿ ಹಿಡಿಯಿರಿ, ಅಲ್ಲಿ ಹಲಗೆಗೆ ಆಸರೆಯಾಗುವ ಚಾಚುಪಟ್ಟಿ ಇದ್ದರೆ ಅದನ್ನು ಒಂದು ಕೂದಲೆಳೆ ಎತ್ತರಿಸಿ. ಜಾಯಿಂಟರಿನಲ್ಲೂ ಕೊನೆಗೆ ತಗ್ಗು ಬರುತ್ತಿದ್ದರೆ ಅಲ್ಲಿ ಕಾರಣ ಬೇರೆ: ಹಿಂದಿನ ಮೇಜು, ಅಂದರೆ ಕೀಸಿದ ಹಲಗೆ ಹೊರಬರುವ ಕಡೆಯದು, ಬ್ಲೇಡಿನ ತುದಿಗಿಂತ ಕೆಳಗಿದೆ. ಯಾವ ಬ್ಲೇಡ್ ತಂದರೂ ಇವೆರಡೂ ಹಾಗೇ ಉಳಿಯುತ್ತವೆ.

ಈಗ ಉಬ್ಬು ಗೆರೆಗೆ ಬರೋಣ. ಹಳೆಯ ಬಾಗಿಲ ಮರ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಎಲ್ಲೋ ಮುರಿದು ಉಳಿದ ಮೊಳೆ ಸಿಕ್ಕಿದೆ. ಹೆಡ್, ಅಂದರೆ ಬ್ಲೇಡುಗಳು ಕೂತಿರುವ ಉರುಳೆ, ತಿರುಗುವಾಗ ಮೂರೂ ಬ್ಲೇಡ್ ಅದೇ ಜಾಗದಲ್ಲಿ ಅದೇ ಮೊಳೆಗೆ ಬಡಿದಿವೆ. ಹಾಗಾಗಿ ಮೂರರಲ್ಲೂ ಒಂದೇ ನೇರದಲ್ಲಿ ಮುಕ್ಕು ಬಿದ್ದಿದೆ, ಆ ಮುಕ್ಕಿನಷ್ಟು ಮರ ಕೀಸದೆ ಉಬ್ಬಾಗಿ ಉಳಿಯುತ್ತಿದೆ. ಮೆಷಿನ್ನಿನ ಪ್ಲಗ್ ಕಿತ್ತು, ಹೆಡ್ ತಿರುಗದಂತೆ ಮರದ ಬೆಣೆ ಕೊಟ್ಟು, ಒಂದೇ ಒಂದು ಬ್ಲೇಡನ್ನು ಸಡಿಲಿಸಿ. ಅದನ್ನು ಪಕ್ಕಕ್ಕೆ ಒಂದು ಮಿಲಿಮೀಟರಿನಷ್ಟು ಜರುಗಿಸಿ, ಎತ್ತರ ಮತ್ತೆ ಸರಿ ಮಾಡಿ ಬಿಗಿ ಮಾಡಿ. ಉಳಿದೆರಡರ ಮುಕ್ಕು ಬಿಟ್ಟುಹೋದ ಮರವನ್ನು ಇದರ ಒಳ್ಳೆಯ ಭಾಗ ಕೀಸುತ್ತದೆ. ಗೆರೆ ಮಾಯ. ಮುಕ್ಕು ಅಗಲವಾಗಿದ್ದರೆ ಇನ್ನೊಂದನ್ನು ಎದುರು ದಿಕ್ಕಿಗೆ ಜರುಗಿಸಬಹುದು. ಬ್ಲೇಡಿನ ತುದಿ ಪಕ್ಕದ ಕಬ್ಬಿಣಕ್ಕೆ ತಾಗುವುದಿಲ್ಲ ಅಂತ ಬೆಲ್ಟ್ ಹಿಡಿದು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದ ಮೇಲೇ ಕರೆಂಟ್ ಕೊಡಿ.

ಎಳೆ ಕಿತ್ತು ಬರುವುದು ಸ್ವಲ್ಪ ಗೋಜಲು. ಮರದ ಎಳೆ ಯಾವ ಕಡೆ ಏರಿದೆಯೋ ಅದಕ್ಕೆ ಎದುರಾಗಿ ಕೀಸಿದರೆ ಹೊಚ್ಚ ಹೊಸ ಬ್ಲೇಡೂ ಕೀಳುತ್ತದೆ. ಕೀಸುಳಿ ಹಿಡಿದವರಿಗೆ ಇದು ಕೈಗೇ ಗೊತ್ತಾಗುತ್ತದೆ, ಮೆಷಿನ್ನಿನಲ್ಲಿ ಕೈಗೆ ಸುದ್ದಿ ಬರುವುದಿಲ್ಲ, ಅಷ್ಟೇ. ಹಲಗೆಯ ಹಿಂದು ಮುಂದು ಬದಲಿಸಿ ಹಾಕಿ, ಒಂದು ಸಲಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇಳಿಸಿ ನೋಡಿ. ಆಗಲೂ ಕೀಳುತ್ತಿದ್ದರೆ ಬ್ಲೇಡಿನ ಮೇಲೆ ಅನುಮಾನ ಪಡಬಹುದು.

ಅನುಮಾನ ಬಂದರೆ ಬೆರಳಿಟ್ಟು ನೋಡಬೇಡಿ, ಟಾರ್ಚ್ ಹಿಡಿದು ನೋಡಿ. ಬ್ಲೇಡಿನ ಅಂಚನ್ನು ಕಣ್ಣಿಗೆ ನೇರ ಮಾಡಿ ಬೆಳಕು ಬಿಡಿ. ಹರಿತವಾದ ಅಂಚು ಕಾಣುವುದೇ ಇಲ್ಲ, ಬೆಳಕು ವಾಪಸ್ ಬರಲು ಅಲ್ಲಿ ಜಾಗವೇ ಇರುವುದಿಲ್ಲ. ಮೊಂಡಾಗಿದ್ದರೆ ತುದಿಯುದ್ದಕ್ಕೂ ಒಂದು ಬಿಳಿ ದಾರ ಮಿಂಚುತ್ತದೆ. ಮುಕ್ಕು ಇದ್ದಲ್ಲಿ ಚುಕ್ಕಿ ಹೊಳೆಯುತ್ತದೆ. ಹಾಗೇ ಓರೆಯ ಮೇಲೆ, ಅಂದರೆ ಅಂಚಿಗೆ ಇಳಿಜಾರಾಗಿ ಸಾಣೆ ಹಿಡಿದ ಭಾಗದ ಮೇಲೆ, ಕಂದು ಬಣ್ಣದ ಗಟ್ಟಿ ಪದರ ಕೂತಿದೆಯೇ ನೋಡಿ. ಪೈನ್ ಕೀಸಿದ್ದೀರಿ ಅಂದರೆ ಇರಬೇಕು. ಅದು ಮರದ ಅಂಟು. ಅದು ಕೂತರೆ ಹರಿತವಾದ ಬ್ಲೇಡೂ ಮೊಂಡಿನಂತೆ ಆಡುತ್ತದೆ, ಮೋಟರ್ ನರಳುತ್ತದೆ, ಮರ ಸುಟ್ಟಂತೆ ಹೊಳೆಯುತ್ತದೆ. ಬ್ಲೇಡ್ ಬಿಚ್ಚಿ, ಸೋಪು ನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕೂಡಲೇ ಒರೆಸಿ ಒಣಗಿಸಿ. ಬ್ಲೇಡ್ ಸತ್ತೇ ಹೋಯಿತು ಅಂತ ನನ್ನ ಮೇಜಿನ ಮೇಲೆ ಇಟ್ಟುಹೋದ ಎಷ್ಟೋ ಸೆಟ್ಟುಗಳಿಗೆ ಬೇಕಿದ್ದದ್ದು ಇಷ್ಟೇ ಸ್ನಾನ.

ಇಷ್ಟಾದ ಮೇಲೂ ಬಿಳಿ ದಾರ ಕಂಡರೆ ಜಾಯಿಂಟರ್ ಬ್ಲೇಡನ್ನು ಸಾಣೆ ಹಿಡಿಸಬಹುದು. ಪ್ಲೇನರ್ ಬ್ಲೇಡಿನ ಇನ್ನೊಂದು ಅಲಗು ಬಳಸದೆ ಉಳಿದಿದ್ದರೆ ತಿರುಗಿಸಿ ಹಾಕಿ. ಎರಡೂ ಕಡೆ ಮುಗಿದಿದ್ದರೆ ಹೊಸದು ಬೇಕು. ಇಂಥ ತೆಳು ಬ್ಲೇಡನ್ನು ಸಾಣೆ ಹಿಡಿದು ಮತ್ತೆ ಹಾಕಬಹುದೇ ಅಂತ ಕೇಳುತ್ತಾರೆ. ಕಲ್ಲಿನ ಮೇಲೆ ಎರಡು ಸಲ ಎಳೆದರೆ ತೊಂದರೆಯಿಲ್ಲ. ಆದರೆ ಇವು ತೂತಿನ ಅಳತೆಯ ಮೇಲೆ ಕೂರುವಂಥವು. ಅಲಗು ಸವೆದಷ್ಟೂ ಹೊರಗೆ ಚಾಚುವುದು ಕಡಿಮೆಯಾಗುತ್ತದೆ, ಅದನ್ನು ಎತ್ತಿ ಸರಿಮಾಡಲು ಮೆಷಿನ್ನಿನಲ್ಲಿ ದಾರಿ ಇರುವುದಿಲ್ಲ.

ಸರಿ, ಹೊಸದನ್ನು ತರಿಸುವುದು ಅಂತಾಯಿತು. ಎಚ್ಎಸ್ಎಸ್ಸೋ ಕಾರ್ಬೈಡೋ ಅನ್ನುವ ಮಾತು ಆಮೇಲೆ. ಮೊದಲು ಅಳತೆ. ಇಲ್ಲಿ ನಾನೇ ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ಕಸುಬಿನ ಆರಂಭದಲ್ಲಿ ಒಬ್ಬರ ಜಾಯಿಂಟರಿಗೆ ಬ್ಲೇಡ್ ತರಿಸಬೇಕಿತ್ತು. ಹಳೆಯದನ್ನು ಬಿಚ್ಚಿ ಕ್ಯಾಲಿಪರ್ ಇಟ್ಟೆ, ಅಗಲ 21 ಮಿ.ಮೀ. ಬಂತು, ಅದನ್ನೇ ಬರೆದು ಕಳಿಸಿದೆ. ಅಂಥ ಬ್ಲೇಡ್ ಯಾರ ಹತ್ತಿರವೂ ಇರಲಿಲ್ಲ. ಹತ್ತಿರದ್ದು ಅಂತ 20ರದ್ದನ್ನು ತರಿಸಿ ಹಾಕಿದರೆ ಹಿಡಿತವೇ ಸಾಲದು. ಆಮೇಲೆ ಮೆಷಿನ್ನಿನ ಪುಸ್ತಕ ತೆಗೆದು ನೋಡಿದೆ. ಹೊಸದರ ಅಗಲ 25 ಮಿ.ಮೀ. ಮಿಕ್ಕ 4 ಮಿ.ಮೀ. ವರ್ಷಗಟ್ಟಲೆ ಸಾಣೆಗೆ ಹೋಗಿತ್ತು. ಸಾಣೆ ಹಿಡಿದ ಬ್ಲೇಡಿನ ಉದ್ದ, ದಪ್ಪವನ್ನು ನಂಬಬಹುದು. ಅಗಲವನ್ನು ಮಾತ್ರ ಯಾವತ್ತೂ ನಂಬಬೇಡಿ. ಅದಕ್ಕೆ ಪುಸ್ತಕವನ್ನೇ ನೋಡಿ. ಎಷ್ಟು ಅಗಲಕ್ಕೆ ಸವೆದ ಮೇಲೆ ಬಿಸಾಡಬೇಕು ಅಂತಲೂ ಅದರಲ್ಲೇ ಇರುತ್ತದೆ. ಇನ್ನೂ ಒಂದು ಸಾಣೆಗೆ ಬರುತ್ತದೆ ಅಂತ ಆ ಅಂಕಿ ದಾಟಬೇಡಿ. ಕಿರಿದಾದ ಬ್ಲೇಡ್ ತಿರುಗುವ ಹೆಡ್ಡಿನಿಂದ ಹಾರಿ ಬಂದರೆ ಅದು ಗುಂಡಿನ ಏಟೇ.

ದಪ್ಪದಲ್ಲಿ ಇನ್ನೊಂದು ಬಲೆ ಇದೆ. 3 ಮಿ.ಮೀ. ಮತ್ತು 1/8 ಇಂಚು ಎರಡನ್ನೂ ಒಂದೇ ಅಂತ ಮಾರುತ್ತಾರೆ. 1/8 ಇಂಚು ಅಂದರೆ 3.175 ಮಿ.ಮೀ. ಆ 0.175 ಏನು ಮಹಾ ಅನಿಸಬಹುದು. ಬ್ಲೇಡನ್ನು ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿಗೆ ಗಿಬ್ ಅಂತಾರೆ. ತೆಳು ಬ್ಲೇಡಿಗೆ ಮಾಡಿದ ಸಂದಿನಲ್ಲಿ ದಪ್ಪದ್ದನ್ನು ತುರುಕಿದರೆ ಗಿಬ್ ಮೇಲೆದ್ದು ಕೂರುತ್ತದೆ, ಹೊಟ್ಟು ಹೊರಹೋಗುವ ದಾರಿ ಕಟ್ಟುತ್ತದೆ. ಉದ್ದದ ಕಥೆಯೂ ಹೀಗೇ. 6 ಇಂಚು ಅಂದರೆ 152.4 ಮಿ.ಮೀ., ಮೆಷಿನ್ನಿನ ಮೇಲೆ 150 ಅಂತ ಬರೆದಿರಬಹುದು. ಒಂದೆರಡು ಮಿ.ಮೀ. ಗಿಡ್ಡ ಇದ್ದರೆ ನಡೆಯುತ್ತದೆ. ಉದ್ದ ಇದ್ದರೆ ಪಕ್ಕದ ಕಬ್ಬಿಣಕ್ಕೆ ಬಡಿಯುತ್ತದೆ. ನಿಮ್ಮ ಪ್ಲೇನರ್ ಬ್ಲೇಡಿನಲ್ಲಿ ಇವೆಲ್ಲಕ್ಕಿಂತ ಮುಖ್ಯ ತೂತು. ಎಷ್ಟು ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು, ಗುಂಡಗಿದೆಯೇ ಉದ್ದಕ್ಕಿದೆಯೇ ಅಂತ ಬರೆದುಕೊಳ್ಳಿ. "13 ಇಂಚಿನ ಎಲ್ಲ ಮೆಷಿನ್ನಿಗೂ ಆಗುತ್ತದೆ" ಅಂತ ಬರೆದದ್ದನ್ನು ಕಂಡರೆ ದೂರ ಇರಿ. ಅಂಥದ್ದು ಇಲ್ಲ. ಕೆಲವು ಮೆಷಿನ್ನಿನ ಹೆಡ್ಡಿಗೆ ಬೋಲ್ಟೇ ಇರುವುದಿಲ್ಲ, ಟೆರ್ಸಾ ಅಂತ ಬರುತ್ತದೆ, ಬ್ಲೇಡ್ 10 ಮಿ.ಮೀ. ಅಗಲ, 2.3 ಮಿ.ಮೀ. ದಪ್ಪ, ಪಕ್ಕದಿಂದ ತೂರಿಸುವುದು, ತಿರುಗುವ ರಭಸಕ್ಕೇ ಬಿಗಿಯಾಗುತ್ತದೆ. ಅದಕ್ಕೆ ಅದೇ ನಮೂನೆಯ ಬ್ಲೇಡ್ ಬೇಕು.

ಈಗ ಲೋಹದ ಮಾತು. ಎಚ್ಎಸ್ಎಸ್ ಅಂದರೆ ಹೈ ಸ್ಪೀಡ್ ಸ್ಟೀಲ್. ಇದು ಹುಟ್ಟಿದ್ದು ಮರಕ್ಕಲ್ಲ. 1900ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನದಲ್ಲಿ, ತುದಿ ಕೆಂಪಗೆ ಕಾದರೂ ಕಬ್ಬಿಣವನ್ನು ತುಂಡರಿಸುತ್ತಲೇ ಇದ್ದ ಉಕ್ಕು ಅಂತ ಜನ ಬೆರಗಾಗಿ ನೋಡಿದ್ದು ಇದನ್ನೇ. ಇವತ್ತು ಒಳ್ಳೆಯ ಬ್ಲೇಡಿನ ಮೇಲೆ ಬರೀ ಎಚ್ಎಸ್ಎಸ್ ಅಂತ ಇರುವುದಿಲ್ಲ, ಜಾತಿಯೂ ಇರುತ್ತದೆ. ಟಿ1 ಅಂದರೆ 18% ಟಂಗ್‌ಸ್ಟನ್, 4% ಕ್ರೋಮಿಯಂ, 1% ವನೇಡಿಯಂ. ಎಂ2 ಅಂದರೆ ಟಂಗ್‌ಸ್ಟನ್ 6%, ಮಾಲಿಬ್ಡಿನಂ 5% ಆಸುಪಾಸು. ಎರಡೂ ಒಳ್ಳೆಯವೇ, ಮರ ಕೀಸುವವನ ಕೈಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಜಾತಿಯೇ ಬರೆಯದೆ ಸುಮ್ನೆ "ಎಚ್ಎಸ್ಎಸ್ ಗುಣಮಟ್ಟ" ಅಂದರೆ ನಾನು ಕೊಳ್ಳುವುದಿಲ್ಲ. ಇನ್ನೊಂದು ವಿಚಾರ: ಕೆಲವು ಬ್ಲೇಡಿನಲ್ಲಿ ಅಂಚಿನ ಒಂದು ಪಟ್ಟಿ ಮಾತ್ರ ಎಚ್ಎಸ್ಎಸ್, ಉಳಿದದ್ದು ಸಾದಾ ಉಕ್ಕು. ಅದು ಮೋಸವಲ್ಲ. ಹೇಳಿ ಮಾರಿದರೆ ಸರಿಯೇ. ಆದರೆ ಆ ಪಟ್ಟಿ ಮುಗಿಯುವವರೆಗೆ ಮಾತ್ರ ಸಾಣೆ.

ಚಿನ್ನದ ಬಣ್ಣದ ಲೇಪ ಟೈಟಾನಿಯಂ ನೈಟ್ರೈಡ್. ಅದು ನಿಜಕ್ಕೂ ಗಟ್ಟಿ. ಬಿಸಾಡುವ ಬ್ಲೇಡಿನ ಮೇಲೆ ಇದ್ದರೆ ಇರಲಿ. ಸಾಣೆ ಹಿಡಿಯುವ ಬ್ಲೇಡಿಗೆ ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಮೊದಲ ಸಾಣೆಯಲ್ಲೇ ಓರೆಯ ಮೇಲಿನ ಚಿನ್ನ ನನ್ನ ಕಲ್ಲಿಗೆ ಸೇರುತ್ತದೆ.

ಸಾಣೆ ಹಿಡಿಯುವಾಗ ನೀಲಿ ಬಣ್ಣ ಬಂದರೆ ಬ್ಲೇಡ್ ಕೆಟ್ಟುಹೋಯಿತು ಅಂತ ಜಗಳಕ್ಕೆ ಬರುವವರಿದ್ದಾರೆ. ಸಾದಾ ಕಾರ್ಬನ್ ಉಕ್ಕಿನ ಉಳಿಯ ಮಟ್ಟಿಗೆ ಆ ಮಾತು ಖರೆ. ನೀಲಿ ಬರುವುದು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಎಚ್ಎಸ್ಎಸ್ಸನ್ನು ಹದ ಮಾಡುವುದೇ 550ರ ಸುಮಾರಿಗೆ. ಹಾಗಾಗಿ ಬರೀ ನೀಲಿ ಕಂಡಿತು ಅಂತ ಅದು ಮೆತ್ತಗಾಗುವುದಿಲ್ಲ. ಚೆನ್ನಾಗಿ ಕಾದದ್ದನ್ನು ಫಕ್ಕನೆ ನೀರಿಗೆ ಅದ್ದಿದರೆ ಮಾತ್ರ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ನೀಲಿಗಿಂತ ನಾನು ಹೆದರುವುದು ಅದಕ್ಕೆ.

ಕಾರ್ಬೈಡ್ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಅಂದರೆ ಅದು ಹೆಚ್ಚು ಹರಿತ ಅನ್ನುವುದು. ಹಾಗಲ್ಲ. ಹೊಸದರಲ್ಲಿ ಎಚ್ಎಸ್ಎಸ್ಸೇ ಹೆಚ್ಚು ಹರಿತ. ಕಾರ್ಬೈಡ್ ಅಂದರೆ ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಕಾಳುಗಳನ್ನು ಕೋಬಾಲ್ಟಿನಲ್ಲಿ ಬೆಸೆದದ್ದು. ತೀರಾ ತೆಳು ಅಂಚು ಮಾಡಿದರೆ ಕಾಳು ಉದುರುತ್ತದೆ. ಅದರ ಗುಣ ಏನಂದರೆ, ಇರುವ ಹರಿತವನ್ನು ಬಹಳ ಕಾಲ ಉಳಿಸಿಕೊಳ್ಳುತ್ತದೆ. ತೇಗದಲ್ಲಿ ಸಿಲಿಕಾ ಇದೆ, ಅಂದರೆ ಮರಳಿನ ಅಂಶವೇ. ಎಚ್ಎಸ್ಎಸ್ ಅಂಚನ್ನು ಅದು ಬೇಗ ತಿನ್ನುತ್ತದೆ. ಪ್ಲೈವುಡ್ಡಿನ ಗೋಂದೂ ಹಾಗೇ. ನೀವು ದಿನವಿಡೀ ತೇಗವನ್ನೇ ಕೀಸುವವರಾಗಿದ್ದರೆ ಕಾರ್ಬೈಡ್ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಹಳೆಯ ಮರದ ಮೊಳೆ ಇದೆಯಲ್ಲ! ಮೊಳೆಗೆ ಎಚ್ಎಸ್ಎಸ್ ಮುಕ್ಕಾಗುತ್ತದೆ, ಸಾಣೆಗೆ ಹೋಗುತ್ತದೆ. ಉದ್ದನೆಯ ಕಾರ್ಬೈಡ್ ಬ್ಲೇಡಿನಲ್ಲಿ ಚೂರು ಎಗರುತ್ತದೆ. ಅದನ್ನು ಸರಿಮಾಡಲು ವಜ್ರದ ಚಕ್ರ ಬೇಕು, ಎಲ್ಲ ಸಾಣೆಯವರ ಹತ್ತಿರ ಅದು ಇರುವುದಿಲ್ಲ. ಕಾರ್ಬೈಡ್ ಹಾಕುವುದಾದರೆ ಮೊಳೆ ಹುಡುಕುವ ಲೋಹಶೋಧಕವನ್ನೂ ಜೊತೆಗೇ ತಂದಿಟ್ಟುಕೊಳ್ಳಿ.

ಈಗ ಹೋದ ಸಲದ ಕಥೆ. ಹೊಸ ಸೆಟ್ ಹಾಕಿದ ಮೇಲೆ ಒರಟಾಯಿತು ಅಂದಿರಿ. ಬ್ಲೇಡ್ ಚೆನ್ನಾಗಿಯೇ ಇದ್ದಿರಬಹುದು, ಮೂರೂ ಒಂದೇ ಎತ್ತರದಲ್ಲಿ ಇರಲಿಲ್ಲ ಅಂತ ನನ್ನ ಲೆಕ್ಕ. ಹೆಡ್ ನಿಮಿಷಕ್ಕೆ 5000 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಮೂರು ಬ್ಲೇಡ್, ಅಂದರೆ ನಿಮಿಷಕ್ಕೆ 15,000 ಪೆಟ್ಟು. ನೀವು ಹಲಗೆಯನ್ನು ನಿಮಿಷಕ್ಕೆ 6 ಮೀಟರಿನಂತೆ ತಳ್ಳಿದರೆ ಒಂದೊಂದು ಪೆಟ್ಟಿನ ನಡುವೆ 0.4 ಮಿ.ಮೀ. ಕೈಗೆ ನುಣುಪಾಗಿ ಸಿಗುತ್ತದೆ. ಒಂದು ಬ್ಲೇಡ್ ಮಾತ್ರ 0.05 ಮಿ.ಮೀ. ಮೇಲಿದ್ದರೂ ಕೊನೆಯ ಗುರುತು ಬಿಡುವುದು ಅದೊಂದೇ. ಮಿಕ್ಕೆರಡು ಸುಮ್ನೆ ತಿರುಗುತ್ತವೆ. ಆಗ ಅಂತರ 1.2 ಮಿ.ಮೀ. ಅಂತರ ಮೂರು ಪಟ್ಟಾದರೆ ಅಲೆಯ ಆಳ ಒಂಬತ್ತು ಪಟ್ಟು. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಡ್ಡಡ್ಡ ಅಲೆ ಎಣಿಸಬಹುದು.

ಬೋಲ್ಟ್ ಬಿಗಿ ಮಾಡುವ ರೀತಿಯಲ್ಲೇ ಇದು ಕೆಡುವುದು. ಒಂದು ತುದಿಯ ಬೋಲ್ಟನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ ಗಿಬ್ ಬ್ಲೇಡನ್ನು ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಮೊದಲ ಸುತ್ತು ಎಲ್ಲವೂ ಹಗುರ, ಎರಡನೇ ಸುತ್ತು ಅರ್ಧ, ಮೂರನೇ ಸುತ್ತು ಪೂರ್ತಿ. ಪ್ರತಿ ಸುತ್ತಿಗೂ ಎತ್ತರ ನೋಡಿ. ಎತ್ತರದ ಕೂದಲೆಳೆ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಇಂಡಿಕೇಟರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಹಿಂದಿನ ಮೇಜಿನ ಮೇಲೆ ನೇರವಾದ ಮರದ ಪಟ್ಟಿಯಿಟ್ಟು ಹೆಡ್ಡನ್ನು ಕೈಯಿಂದ ತಿರುಗಿಸಿ. ಬ್ಲೇಡ್ ಪಟ್ಟಿಯನ್ನು ಮುಂದಕ್ಕೆ ಒಯ್ಯುವ ದೂರವನ್ನು ಪೆನ್ಸಿಲಿನಿಂದ ಗುರುತಿಸಿ. ಮೂರು ಬ್ಲೇಡಿನಲ್ಲೂ, ಎಡ ತುದಿ ಬಲ ತುದಿ ಎರಡರಲ್ಲೂ ಆ ದೂರ ಒಂದೇ ಇರಬೇಕು. ಬ್ಲೇಡ್ ಹೆಡ್ಡಿನಿಂದ ಎಷ್ಟು ಹೊರಗೆ ಚಾಚಬೇಕು ಅನ್ನುವುದಕ್ಕೆ ಪುಸ್ತಕದ ಅಂಕಿಯೇ ಅಂಕಿ. ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಪ್ಲಗ್ ಕಿತ್ತು, ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಈ ಕೊನೆಯದನ್ನು ಬಿಡುವವರೇ ಹೆಚ್ಚು.

ಬ್ಲೇಡನ್ನು ಯಾವತ್ತೂ ಸೆಟ್ಟಾಗಿಯೇ ಕೊಳ್ಳಿ, ಸೆಟ್ಟಾಗಿಯೇ ಸಾಣೆಗೆ ಕೊಡಿ. ಒಂದು ಮುಕ್ಕಾಗಿದೆ ಅಂತ ಒಂದನ್ನೇ ಸಾಣೆ ಹಿಡಿಸಿದರೆ ತೂಕ ತಪ್ಪುತ್ತದೆ. ಆ ವೇಗದಲ್ಲಿ ಸಣ್ಣ ತೂಕದ ವ್ಯತ್ಯಾಸವೂ ಬೇರಿಂಗನ್ನು ನಡುಗಿಸುತ್ತದೆ. ಪೊಟ್ಟಣ ಒಡೆದ ಕೂಡಲೇ ಮೂರನ್ನೂ ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಒಂದೊಂದಾಗಿ ಇಡಿ. ಒಂದೇ ಅಂಕಿ ಬರಬೇಕು. ನಾಲ್ಕೈದು ಗ್ರಾಂ ಹೆಚ್ಚುಕಡಿಮೆ ಇದ್ದರೆ ವಾಪಸ್ ಕಳಿಸಿ.

ಸ್ಪೈರಲ್ ಹೆಡ್ ಬಗ್ಗೆ ಕೇಳಿದ್ದೀರಿ. ಹೆಡ್ಡಿನ ಸುತ್ತ ಸುರುಳಿಯಾಗಿ ಚೌಕದ ಕಾರ್ಬೈಡ್ ಬಿಲ್ಲೆಗಳು, ಒಂದೊಂದು 14 ಅಥವಾ 15 ಮಿ.ಮೀ. ಸದ್ದು ಕಡಿಮೆ, ಎಳೆ ಕೀಳುವುದೂ ಕಡಿಮೆ. ಮೊಳೆ ಸಿಕ್ಕರೆ ಪೆಟ್ಟು ತಿಂದ ಬಿಲ್ಲೆಯನ್ನು ಮಾತ್ರ ತಿರುಗಿಸಿದರಾಯಿತು, ನಾಲ್ಕು ಅಂಚು ಇರುತ್ತದೆ. ಎತ್ತರ ಹೊಂದಿಸುವ ತಾಪತ್ರಯವೇ ಇಲ್ಲ. ನಿಮ್ಮ ಹಳೆಯ ಮರಕ್ಕೆ ಹೇಳಿ ಮಾಡಿಸಿದ್ದು ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಆದರೆ ಹೆಡ್ಡಿನ ಬೆಲೆ ಕೆಲವೊಮ್ಮೆ ಸಣ್ಣ ಮೆಷಿನ್ನಿನ ಬೆಲೆಯ ಹತ್ತಿರ ಹೋಗುತ್ತದೆ. ಬೇರಿಂಗ್ ಕೀಳಬೇಕು. ಸಣ್ಣ ಮೋಟರಿಗೆ ಅಗಲದ ಹಲಗೆ ಕೊಟ್ಟರೆ ಎಳೆಯಲು ಕಷ್ಟಪಡಬಹುದು. ಮುಂದೆ ಬಿಲ್ಲೆ ತರಿಸುವಾಗ ಚೌಕದ ಅಳತೆ, ದಪ್ಪ, ಓರೆಯ ಕೋನ, ಅಂಚು ನೇರವೋ ಸ್ವಲ್ಪ ಬಾಗಿದೆಯೋ ಎಲ್ಲ ಕೂಡಬೇಕು. ಹೊರಗಿನ ಅಳತೆ ಒಂದೇ ಇದ್ದು ಬಾಗು ಬೇರೆಯಾದರೆ ಹಲಗೆಯ ಮೇಲೆ ಪಟ್ಟೆ ಬೀಳುತ್ತದೆ. ಬಿಲ್ಲೆಯ ಕೆಳಗೆ ಒಂದು ಕಣ ಹೊಟ್ಟು ಸಿಕ್ಕಿಕೊಂಡರೂ ಸ್ಕ್ರೂ ಬಿಗಿಯುವಾಗ ಅದು ಟಪ್ಪನೆ ಸೀಳುತ್ತದೆ. ಗೂಡು ಒರೆಸಿಯೇ ಕೂರಿಸಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಜಾಯಿಂಟರಿಗೆ ಜಾತಿ ಬರೆದ ಗಟ್ಟಿ ಎಚ್ಎಸ್ಎಸ್ಸಿನ ಇನ್ನೊಂದು ಸೆಟ್ ಇಟ್ಟುಕೊಳ್ಳುತ್ತಿದ್ದೆ. ಒಂದು ಮೆಷಿನ್ನಿನಲ್ಲಿ, ಒಂದು ಸಾಣೆಯಲ್ಲಿ. ಪ್ಲೇನರಿಗೆ ಮೆಷಿನ್ ಮಾಡಿದವರದ್ದೇ ಬ್ಲೇಡ್, ಅಥವಾ ತೂತಿನ ಅಳತೆ ಬರೆದು ಕೊಡುವವರದ್ದು. ಹಳೆಯ ಮರದಿಂದಲೇ ಹೊಟ್ಟೆ ತುಂಬುತ್ತಿದ್ದರೆ ಸ್ಪೈರಲ್ ಹೆಡ್ಡಿನ ಮಾತನ್ನು ಪ್ಲೇನರಿನಿಂದ ಶುರು ಮಾಡುತ್ತಿದ್ದೆ, ಜಾಯಿಂಟರಿನಿಂದಲ್ಲ. ಎಳೆ ಕಿತ್ತು ಬರುವುದು ಅಲ್ಲೇ ಅಂದಿರಲ್ಲ.

ಇದೆಲ್ಲ ಆಮೇಲೆ. ಮೊದಲು ಜಾಯಿಂಟರಿನ ಒಂದು ಬ್ಲೇಡನ್ನು ಆ ಒಂದು ಮಿಲಿಮೀಟರ್ ಜರುಗಿಸಿ, ಪೈನ್ ತುಂಡೊಂದನ್ನು ಓಡಿಸಿ. ಗೆರೆ ಒಂದಾದರೂ ಉಳಿದಿದ್ದರೆ ಯಾವ ಬ್ಲೇಡನ್ನು ಎಷ್ಟು ಜರುಗಿಸಿದಿರಿ ಅಂತ ಬರೆದು ತಿಳಿಸಿ.